ಬ್ಯಾಂಕಾಕ್‌ನಿಂದ ರೈಲಿನಲ್ಲಿ ಕಾಂಚನಬುರಿ: ಒಂದೇ ದಿನದಲ್ಲಿ ಹೋಗಿ ಬರುವುದು ಹೇಗೆ

ಕಾಂಚನಬುರಿ ಬ್ಯಾಂಕಾಕ್‌ನಿಂದ ಪಶ್ಚಿಮಕ್ಕೆ ಸುಮಾರು 130 ಕಿ.ಮೀ. ದೂರದ ಊರು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಸೇನೆ ಯುದ್ಧಕೈದಿಗಳನ್ನೂ ಏಷ್ಯಾದ ಕೂಲಿಗಳನ್ನೂ ದುಡಿಸಿ ಬರ್ಮಾದವರೆಗೆ ಹಾಕಿಸಿದ 415 ಕಿ.ಮೀ. ರೈಲು ಮಾರ್ಗ ಈ ಊರಿನ ಮೂಲಕವೇ ಹೋಗುತ್ತಿತ್ತು. ಅದರ ಒಂದು ಭಾಗದಲ್ಲಿ ಈಗಲೂ ರೈಲು ಓಡುತ್ತದೆ. ಹಾಗಾಗಿ ಇಲ್ಲಿಗೆ ರೈಲಿನಲ್ಲಿ ಹೋಗುವುದೇ ಸರಿ, ಬಸ್ಸು ಬೇಗ ತಲುಪಿಸಿದರೂ.

ಹೊರಡುವ ಮೊದಲೇ ಒಂದು ವಿಷಯ ತೀರ್ಮಾನಿಸಿಕೊಳ್ಳಿ: ಮ್ಯೂಸಿಯಂ ನೋಡಬೇಕೋ, ಪ್ರಪಾತದಂಚಿನ ಮರದ ಸೇತುವೆಯ ಮೇಲಿನ ರೈಲು ಸವಾರಿ ಬೇಕೋ? ಒಂದೇ ದಿನದಲ್ಲಿ ಎರಡೂ ಆಗುವುದಿಲ್ಲ. ಬೆಳಗಿನ ರೈಲು ಥೋನ್‌ಬುರಿ ನಿಲ್ದಾಣದಿಂದ 7:50ರ ಸುಮಾರಿಗೆ ಹೊರಟು ಹತ್ತೂವರೆ ಹೊತ್ತಿಗೆ ಕಾಂಚನಬುರಿಗೆ ಬರುತ್ತದೆ. ಅಲ್ಲಿಂದ ಮುಂದೆ ಕೊನೆಯ ನಿಲ್ದಾಣ ನಾಮ್ ಟೋಕ್ ಮುಟ್ಟುವಾಗ ಹನ್ನೆರಡೂವರೆ ದಾಟಿರುತ್ತದೆ. ಬ್ಯಾಂಕಾಕ್‌ಗೆ ವಾಪಸ್ ಹೋಗುವ ರೈಲು ನಾಮ್ ಟೋಕ್‌ನಿಂದ 12:55ಕ್ಕೇ ಹೊರಟು ಕಾಂಚನಬುರಿಯನ್ನು 14:48ರ ಸುಮಾರಿಗೆ ದಾಟುತ್ತದೆ. ಕೊನೆಯವರೆಗೆ ಹೋದವರಿಗೆ ಊರು ನೋಡಲು ಸಮಯವೇ ಉಳಿಯುವುದಿಲ್ಲ. ಕಾಂಚನಬುರಿಯಲ್ಲೇ ಇಳಿದವರಿಗೆ ನಾಲ್ಕು ಗಂಟೆ ಸಿಗುತ್ತದೆ. ಮೊದಲ ಸಲ ಹೋಗುವವರು ಇಳಿದುಬಿಡುವುದೇ ಒಳ್ಳೆಯದು. ಕಿಟಕಿಯಿಂದ ಕಾಣುವ ನದಿ ಎಷ್ಟೇ ಚೆಂದವಿರಲಿ, ಆ ಹಳಿ ಹೇಗೆ ಬಂತು ಎಂದು ತಿಳಿಯದೆ ನೋಡಿದರೆ ಅದು ಬರೀ ಇನ್ನೊಂದು ನದಿ. ಸವಾರಿಯೇ ಬೇಕೆನ್ನುವವರು ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ಥಾಮ್ ಕ್ರಾಸೆ ಬಳಿ ಬಂಡೆಗೆ ಅಂಟಿಕೊಂಡ ಮರದ ಸೇತುವೆಯ ಮೇಲೆ ರೈಲು ತೆವಳುವಾಗ ನದಿ ಕಾಣುವುದು ಆ ಕಡೆಗೇ.

ಅತಿ ಹೆಚ್ಚು ಜನ ಎಡವುವುದು ನಿಲ್ದಾಣದ ವಿಷಯದಲ್ಲಿ. ಈ ರೈಲು ಹೊಸ ದೊಡ್ಡ ನಿಲ್ದಾಣ ಕ್ರುಂಗ್ ಥೇಪ್ ಅಪಿವಾಟ್‌ನಿಂದಲೂ ಹೊರಡುವುದಿಲ್ಲ, ಹಳೆಯ ಹುವಾ ಲಂಫೋಂಗ್‌ನಿಂದಲೂ ಹೊರಡುವುದಿಲ್ಲ. ಥೋನ್‌ಬುರಿ ಎಂಬುದು ನದಿಯಾಚೆ, ಸಿರಿರಾಜ್ ಆಸ್ಪತ್ರೆಯ ಹತ್ತಿರ ಇರುವ ಸಣ್ಣ ನಿಲ್ದಾಣ. ಹಳಬರು ಬ್ಯಾಂಕಾಕ್ ನೋಯ್ ಎನ್ನುತ್ತಾರೆ. ಸ್ಕೈಟ್ರೇನಿನ 'ಕ್ರುಂಗ್ ಥೋನ್‌ಬುರಿ' ನಿಲ್ದಾಣಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಸರು ನೋಡಿ ಅಲ್ಲಿ ಇಳಿದರೆ ರೈಲು ತಪ್ಪಿತೆಂದೇ ಲೆಕ್ಕ. ಟ್ಯಾಕ್ಸಿಯವರಿಗೆ 'ಸಥಾನಿ ರೋಟ್‌ಫಾಯ್ ಥೋನ್‌ಬುರಿ' ಎಂದು ಹೇಳಿ, ಮ್ಯಾಪನ್ನೂ ತೋರಿಸಿ. ಮೆಟ್ರೋದಲ್ಲಿ ಬರುವವರು ನೀಲಿ ಮಾರ್ಗದ ಬಾಂಗ್ ಖುನ್ ನಾನ್‌ನಲ್ಲಿ ಇಳಿದು ಅಲ್ಲಿಂದ ಟ್ಯಾಕ್ಸಿ ಹಿಡಿಯಬಹುದು. ಏಳೂ ಕಾಲಿಗೆ ನಿಲ್ದಾಣದಲ್ಲಿದ್ದರೆ ಟಿಕೆಟ್ ಕೊಂಡು, ಒಂದು ಕಾಫಿ ಕುಡಿದು, ಕಿಟಕಿ ಸೀಟೂ ಹಿಡಿಯಬಹುದು.

ಬೋಗಿಗಳೆಲ್ಲ ಮೂರನೇ ದರ್ಜೆ. ರಿಸರ್ವೇಶನ್ ಇಲ್ಲ, ಎಸಿ ಇಲ್ಲ. ಎಲ್ಲಿ ಇಳಿದರೂ ವಿದೇಶಿಯರಿಗೆ ಒಂದೇ ದರ, ಒಂದು ಕಡೆಗೆ 100 ಬಾತ್. ಥಾಯ್ ಜನರಿಗೆ ಇದಕ್ಕಿಂತ ಬಹಳ ಕಡಿಮೆ, ಅದಕ್ಕಾಗಿ ಕೌಂಟರಿನಲ್ಲಿ ವಾದಕ್ಕಿಳಿಯಬೇಡಿ. ಹಣ ನಗದಾಗಿ, ನೂರರ ನೋಟುಗಳಲ್ಲಿ ಇರಲಿ. ಕಿಟಕಿಗಳು ತೆರೆದೇ ಇರುವುದರಿಂದ ಧೂಳು ಮುಖಕ್ಕೆ ಹೊಡೆಯುತ್ತದೆ. ಬಿಳಿ ಅಂಗಿ ಬೇಡ. ದಾರಿಯುದ್ದಕ್ಕೂ ಬುಟ್ಟಿ ಹೊತ್ತು ಮಾರುವವರು ಹತ್ತಿ ಇಳಿಯುತ್ತಾರೆ, ಆದರೆ ಸಸ್ಯಾಹಾರಿಗಳಿಗೆ ಅದರಲ್ಲಿ ಸಿಗುವುದು ಹಣ್ಣು, ಕಡಲೆಕಾಯಿಯಷ್ಟೇ. ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುವ ದೇಶವಿದು. ಊರಿನ ಹೋಟೆಲಿನಲ್ಲಿ 'ಜೇ' ಎಂದು ಕೇಳಿದರೆ ಮೊಟ್ಟೆ, ಮೀನು ಏನೂ ಇಲ್ಲದ ಊಟ ಬೇಕೆಂದು ಅವರಿಗೆ ತಿಳಿಯುತ್ತದೆ.

ಕಾಂಚನಬುರಿ ನಿಲ್ದಾಣದಲ್ಲಿ ಇಳಿದ ಕೂಡಲೇ ಆಟೋದವರು ಮುತ್ತುತ್ತಾರೆ. ನಯವಾಗಿ ಬೇಡವೆನ್ನಿ. ಥಾಯ್ಲೆಂಡ್–ಬರ್ಮಾ ರೈಲ್ವೆ ಸೆಂಟರ್ ಎಂಬ ಮ್ಯೂಸಿಯಂ, ಅದರ ಪಕ್ಕದ ಯುದ್ಧ ಸ್ಮಶಾನ ಎರಡೂ ನಡೆದರೆ ಹತ್ತು ನಿಮಿಷದ ದಾರಿ. ಮೊದಲು ಮ್ಯೂಸಿಯಂ, ಆಮೇಲೆ ಸ್ಮಶಾನ. ಹೀಗೆ ಹೇಳಲು ಕಾರಣವಿದೆ: ಮಾರ್ಗ ಹಾಕಿದ್ದು ಹೇಗೆ, ಜನ ಸತ್ತಿದ್ದು ಏಕೆ ಎಂಬುದನ್ನು ಮ್ಯೂಸಿಯಂ ಬಿಡಿಸಿ ಹೇಳುತ್ತದೆ. ಅದನ್ನು ತಿಳಿದು ಬಂದರೆ ಮಾತ್ರ ಕಲ್ಲುಗಳ ಮೇಲಿನ ತಾರೀಖುಗಳು ಅರ್ಥವಾಗುತ್ತವೆ. ಕೆಲಸ ಶುರುವಾದದ್ದು 1942ರಲ್ಲಿ, ಎರಡು ತುದಿಯ ಹಳಿ ಕೂಡಿದ್ದು 1943ರ ಅಕ್ಟೋಬರ್ 17ರಂದು. ನಡುವೆ 1943ರ ಮಳೆಗಾಲದಲ್ಲಿ ಕೆಲಸದ ವೇಗ ಹೆಚ್ಚಿಸಿದರು. ಅದೇ ಹೊತ್ತಿಗೆ ಕಾಲರಾ ಬಡಿಯಿತು. ಅರವತ್ತು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಏಷ್ಯಾದ ಕೂಲಿಗಳಲ್ಲಿ ಸತ್ತವರು ಅದರ ಹಲವು ಪಟ್ಟು. ಅವರಲ್ಲಿ ಮಲಯಾದ ರಬ್ಬರ್ ತೋಟಗಳಿಂದ ಒಯ್ದ ತಮಿಳರು ಬಹಳ ಮಂದಿ. ಭಾರತದಿಂದ ಹೋದವರು ಮ್ಯೂಸಿಯಂನಲ್ಲಿ ಕೂಲಿಗಳ ಕುರಿತ ಭಾಗವನ್ನು ಅವಸರದಲ್ಲಿ ದಾಟಬಾರದು. ಒಂದೂವರೆ ಗಂಟೆ ಇಟ್ಟುಕೊಳ್ಳಿ. ಮೇಲ್ಮಹಡಿಯ ಕಾಫಿ ಕೋಣೆಯ ಕಿಟಕಿ ಸ್ಮಶಾನದತ್ತ ತೆರೆಯುತ್ತದೆ. ಅಲ್ಲಿ ಕುಳಿತು ಸುಧಾರಿಸಿಕೊಂಡೇ ಹೊರಡಿ.

ಸ್ಮಶಾನದಲ್ಲಿ ಸುಮಾರು ಏಳು ಸಾವಿರ ಸಮಾಧಿಗಳಿವೆ. ಐದು ಸಾವಿರಕ್ಕೂ ಹೆಚ್ಚು ಬ್ರಿಟನ್, ಆಸ್ಟ್ರೇಲಿಯ ಮೊದಲಾದ ಕಾಮನ್‌ವೆಲ್ತ್ ದೇಶಗಳವರದು, ಉಳಿದವು ಹೆಚ್ಚಿನವು ಡಚ್ಚರದು. ಅಮೆರಿಕದವರು ತಮ್ಮವರ ಅವಶೇಷಗಳನ್ನು ತಾಯ್ನಾಡಿಗೆ ಒಯ್ದರು. ಹೆಚ್ಚಿನವರು ಹುಲ್ಲುಹಾಸಿನತ್ತ ನೇರ ನಡೆದುಬಿಡುತ್ತಾರೆ. ನೀವು ಪ್ರವೇಶ ಕಟ್ಟಡದಲ್ಲೇ ಒಮ್ಮೆ ನಿಲ್ಲಿ: ಥಾಯ್ಲೆಂಡಿನ ಮುಸ್ಲಿಂ ಸ್ಮಶಾನಗಳಲ್ಲಿ ಹೂತಿದ್ದ, ಸಮಾಧಿಗಳನ್ನು ಕಾಪಾಡಲಾಗದೆ ಹೋದ, ಅವಿಭಜಿತ ಭಾರತದ ಸೇನೆಯ 11 ಮಂದಿಯ ಹೆಸರುಗಳು ಅಲ್ಲಿವೆ. ಒಳಗೆ ಎರಡು ಸಮಾಧಿಗಳಲ್ಲಿ ಮುನ್ನೂರು ಮಂದಿಯ ಬೂದಿ ಇದೆ. 1943ರ ಮೇ–ಜೂನ್‌ನಲ್ಲಿ ನೀಕೆ ಶಿಬಿರದಲ್ಲಿ ಕಾಲರಾದಿಂದ ಸತ್ತು ಸುಡಲ್ಪಟ್ಟವರದು. ಸಾಲುಗಳ ನಡುವೆ ನೆರಳಿಲ್ಲ. ಕೊಡೆ, ಒಂದು ಲೀಟರ್ ನೀರು ಕೈಯಲ್ಲಿರಲಿ. ಮಾರ್ಚ್‌ನಿಂದ ಮೇವರೆಗೆ ನಡುಮಧ್ಯಾಹ್ನ ಇಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವುದು ಕಷ್ಟ. ನವೆಂಬರಿನಿಂದ ಫೆಬ್ರುವರಿಯ ನಡುವೆ ಹೋಗುವುದು ಉತ್ತಮ.

ಊಟ ಮುಗಿಸಿ ಒಂದೂವರೆಯೊಳಗೆ ಊರಿನ ಹೆಸರಾಂತ ಕ್ವಾಯ್ ನದಿಯ ರೈಲು ಸೇತುವೆಯ ಕಡೆ ಹೊರಡಿ. ದೂರ ಮೂರು ಕಿ.ಮೀ.ಗಿಂತ ಕಡಿಮೆ, ಆದರೆ ಬಿಸಿಲಲ್ಲಿ ನಡೆಯಬೇಡಿ. ಮುಖ್ಯರಸ್ತೆ ಸೇಂಗ್ ಚೂಟೊದಲ್ಲಿ ಓಡುವ ಸೋಂಗ್‌ಟಾವ್ ಹಿಡಿಯಿರಿ. ಹಿಂಭಾಗದಲ್ಲಿ ಎದುರುಬದುರು ಬೆಂಚು ಹಾಕಿದ ಪಿಕಪ್ ಗಾಡಿ ಅದು. ಗುಂಡಿ ಒತ್ತಿದರೆ ನಿಲ್ಲಿಸುತ್ತಾರೆ, ಇಳಿದ ಮೇಲೆ ದುಡ್ಡು ಕೊಡಬೇಕು. ಬೈಕ್ ಟ್ಯಾಕ್ಸಿಯಾದರೆ ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ.

ಸೇತುವೆಯ ಆಕಾರ ಗಮನಿಸಿ. ಬಿಲ್ಲಿನಂತೆ ಬಾಗಿದ ಕಬ್ಬಿಣದ ಕಮಾನುಗಳು ಜಾವಾದಿಂದ ತಂದವು, ಮೂಲದವು. ನಡುವಿನ ಎರಡು ಮಾತ್ರ ಕೋನಾಕಾರವಾಗಿವೆ; ಮಿತ್ರಪಡೆಗಳ ಬಾಂಬಿಗೆ ಬಿದ್ದ ಭಾಗದಲ್ಲಿ ಯುದ್ಧದ ನಂತರ ಜೋಡಿಸಿದವು. ಹಳಿಯ ಮೇಲೆಯೇ ನಡೆದು ಆಚೆ ದಡಕ್ಕೆ ಹೋಗಬಹುದು. ರೈಲು ಬಂದರೆ ಸರಿದು ನಿಲ್ಲಲು ಅಲ್ಲಲ್ಲಿ ಪಕ್ಕಕ್ಕೆ ಚಾಚಿದ ಕಟ್ಟೆಗಳಿವೆ. ರೈಲು ನಿಧಾನವಾಗಿಯೇ ಬರುತ್ತದೆ, ಆದರೂ ಸೆಲ್ಫಿಗೆಂದು ಕಡೆಯ ಕ್ಷಣದವರೆಗೆ ಹಳಿಯ ಮೇಲೆ ನಿಲ್ಲುವವರ ಗುಂಪಿನಲ್ಲಿ ಸೇರಬೇಡಿ. ಚಪ್ಪಲಿಗಿಂತ ಶೂ ವಾಸಿ. ತಗಡುಗಳ ನಡುವೆ ಸಂದುಗಳಿವೆ.

ಹತ್ತಿರದಲ್ಲೇ 'ಜೀತ್' (JEATH, ಯುದ್ಧದಲ್ಲಿ ತೊಡಗಿದ್ದ ದೇಶಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಎಂದು ಬೋರ್ಡು ಹಾಕಿದ ಒಂದು ಮ್ಯೂಸಿಯಂ ಇದೆ. ಅದು ಸಿಕ್ಕಸಿಕ್ಕ ವಸ್ತುಗಳನ್ನು ಗುಡ್ಡೆ ಹಾಕಿದ ಖಾಸಗಿ ಸಂಗ್ರಹ. ನಿಜವಾದ ಜೀತ್ ಯುದ್ಧ ಮ್ಯೂಸಿಯಂ ಊರಿನ ಇನ್ನೊಂದು ತುದಿಯಲ್ಲಿ, ವಾಟ್ ಚಾಯ್ ಚುಂಫೊನ್ ದೇವಾಲಯದ ಆವರಣದಲ್ಲಿದೆ. 1977ರಲ್ಲಿ ಶುರುವಾದದ್ದು, ಕೈದಿಗಳ ಬಿದಿರಿನ ಗುಡಿಸಲಿನ ಮಾದರಿಯಲ್ಲೇ ಕಟ್ಟಿದ್ದು. ಅಲ್ಲಿಗೆ ಹೋಗಬೇಕಿದ್ದರೆ ದೇವಾಲಯದ ಹೆಸರನ್ನೇ ಹೇಳಿ. ಬರೀ ಜೀತ್ ಎಂದರೆ ಚಾಲಕ ಸೇತುವೆಯ ಕಡೆಗೆ ಕರೆದೊಯ್ಯುವ ಸಾಧ್ಯತೆಯೇ ಹೆಚ್ಚು. ನಾಲ್ಕು ಗಂಟೆಯ ಲೆಕ್ಕದಲ್ಲಿ ಇದನ್ನು ಬಿಟ್ಟರೂ ನಷ್ಟವಿಲ್ಲ.

ವಾಪಸ್ ರೈಲಿಗಾಗಿ ಕಾಂಚನಬುರಿ ನಿಲ್ದಾಣಕ್ಕೆ ಮರಳಬೇಕಿಲ್ಲ. ಸೇತುವೆಯ ಬುಡದಲ್ಲೇ ಇರುವ ಪುಟ್ಟ ನಿಲ್ದಾಣದಲ್ಲಿ ಅದೇ ರೈಲು 14:40ರ ಸುಮಾರಿಗೆ ನಿಲ್ಲುತ್ತದೆ. ಒಂದು ನಿಲ್ದಾಣ ಮೊದಲೇ ಹತ್ತುವುದರಿಂದ ಸೀಟು ಸಿಗುವ ಸಾಧ್ಯತೆಯೂ ಹೆಚ್ಚು. ರೈಲು ಅರ್ಧ ಗಂಟೆ ತಡವಾಗುವುದು ಮಾಮೂಲು, ಆದರೆ ಅದನ್ನು ನಂಬಿ ನೀವು ತಡಮಾಡಬೇಡಿ. ಥೋನ್‌ಬುರಿ ತಲುಪುವಾಗ ಐದೂ ಮುಕ್ಕಾಲು ಆಗಿರುತ್ತದೆ. ಅದೇ ದಿನ ರಾತ್ರಿ ವಿಮಾನವಿದ್ದರೆ ಈ ಪ್ರವಾಸವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಹುವಾ ಲಂಫೋಂಗ್‌ನಿಂದ ಬೆಳಿಗ್ಗೆ 6:30ಕ್ಕೆ ಹೊರಡುವ ವಿಶೇಷ ಪ್ರವಾಸಿ ರೈಲೊಂದಿದೆ. ನಾಖೋನ್ ಪಥೋಮ್, ಸೇತುವೆ, ನಾಮ್ ಟೋಕ್, ಮರಳುವಾಗ ಸ್ಮಶಾನ, ಎಲ್ಲ ಕಡೆ ಸ್ವಲ್ಪ ಸ್ವಲ್ಪ ಹೊತ್ತು ನಿಂತು ಸಂಜೆ ಏಳೂವರೆಗೆ ಮರಳಿಸುತ್ತದೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸಲೀಸು. ಮ್ಯೂಸಿಯಂ ಮಾತ್ರ ನಿಧಾನವಾಗಿ ನೋಡಲಾಗದು.

14:48ರ ರೈಲು ತಪ್ಪಿದರೆ ಗಾಬರಿ ಬೇಡ. ಸಂಜೆ ಇನ್ನೊಂದು ರೈಲು ಬರುತ್ತದೆ, ಆದರೆ ಅದು ನೋಂಗ್ ಪ್ಲಾ ದುಕ್ ಜಂಕ್ಷನ್‌ವರೆಗೆ ಮಾತ್ರ, ಹತ್ತಬೇಡಿ. ನೇರ ಊರಿನ ಬಸ್ ನಿಲ್ದಾಣಕ್ಕೆ ಹೋಗಿ ಬ್ಯಾಂಕಾಕ್‌ನ ಸಾಯ್ ಟಾಯ್ ಮಾಯ್ ಬಸ್ ನಿಲ್ದಾಣಕ್ಕೆ ಹೋಗುವ ಬಸ್ಸೋ ಮಿನಿವ್ಯಾನೋ ಹಿಡಿಯಿರಿ. ಎರಡು–ಎರಡೂವರೆ ಗಂಟೆಯ ದಾರಿ, ಭಾನುವಾರ ಸಂಜೆಯಾದರೆ ಇನ್ನೂ ಹೆಚ್ಚು.