ಚೋಕೆಕಿರಾವೊ: ಇಳಿದು ಹತ್ತುವ ದಾರಿಗೆ ಐದು ದಿನ

ನಮ್ಮ ಕಡೆಯ ಚಾರಣಗಳಲ್ಲಿ ಹತ್ತುವುದು ಮೊದಲು, ಇಳಿಯುವುದು ಆಮೇಲೆ. ಕಾಲಲ್ಲಿ ಕಸುವಿರುವಾಗ ಏರು, ದಣಿದ ಮೇಲೆ ಇಳಿಜಾರು. ಪೆರುವಿನಲ್ಲಿರುವ ಇಂಕಾಗಳ ಪಾಳು ಊರು ಚೋಕೆಕಿರಾವೊದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಕಪುಲಿಯೋಕ್ ಎಂಬ ಕಣಿವೆಯಂಚು 2,915 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಅಪುರಿಮಾಕ್ ನದಿಯ ದಡಕ್ಕೆ, ಅಂದರೆ ಸುಮಾರು 1,550 ಮೀಟರಿಗೆ ಇಳಿಯಬೇಕು. ನದಿ ದಾಟಿ ಎದುರು ಗೋಡೆಯಲ್ಲಿ ಮರಂಪಾತಾ ಊರಿನ ತನಕ, ಸುಮಾರು 2,900 ಮೀಟರಿಗೆ ಹತ್ತಬೇಕು. ಅಲ್ಲಿಂದ ಇನ್ನೂ ಒಂದೂವರೆ ಎರಡು ತಾಸು ನಡೆದರೆ ಇಂಕಾಗಳ ಊರು, 3,050 ಮೀಟರ್. ಹೆಚ್ಚಿನವರು ಬಂದ ದಾರಿಯಲ್ಲೇ ಹಿಂತಿರುಗುತ್ತಾರೆ. ಹಾಗಾಗಿ ಶಕ್ತಿಯೆಲ್ಲ ಖರ್ಚಾದ ಮೇಲೆ ಕೊನೆಯಲ್ಲಿ ಮತ್ತೆ 1,365 ಮೀಟರ್ ಏರು ಕಾದಿರುತ್ತದೆ.

ಅಂದಾಜಿಗೆ ಒಂದು ಹೋಲಿಕೆ: ಕುಕ್ಕೆಯಿಂದ ಕುಮಾರ ಪರ್ವತದ ತುದಿಗೆ ಏರು ಸುಮಾರು 1,600 ಮೀಟರ್. ಅದಕ್ಕಿಂತ ತುಸು ಕಡಿಮೆಯ ಏರನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹತ್ತಬೇಕು, ಅಷ್ಟನ್ನೇ ಇಳಿಯಲೂ ಬೇಕು. ಈ ದಾರಿಯನ್ನು ಕಿಲೋಮೀಟರಿನಲ್ಲಿ ಎಣಿಸಿದವರು ಸೋಲುತ್ತಾರೆ. ಬೆನ್ನಮೇಲೆ ಎಂಟು ಕಿಲೋ ಹೊರೆ ಇದ್ದರೆ ನನ್ನ ಲೆಕ್ಕ ಹೀಗೆ: ತಾಸಿಗೆ 300 ಮೀಟರ್ ಏರು, 350 ಮೀಟರ್ ಇಳಿತ. ಬಿಸಿಲಿದ್ದರೆ ಏರಿನ ವೇಗ 200ಕ್ಕೆ ಕುಸಿಯುತ್ತದೆ.

ಮಾಚು ಪಿಚುವಿನ ಪ್ರಸಿದ್ಧ ಇಂಕಾ ಟ್ರೇಲ್ ಬಿಟ್ಟು ಇಲ್ಲಿಗೇಕೆ ಬರಬೇಕು ಎಂದು ಕೇಳುವವರಿದ್ದಾರೆ. ಅಲ್ಲಿ ಹೊರೆಯಾಳು, ಅಡುಗೆಯವರು ಸೇರಿ ದಿನಕ್ಕೆ 500 ಮಂದಿಗೆ ಮಾತ್ರ ಪರವಾನಗಿ. ಜೂನ್–ಜುಲೈಗೆ ಹೋಗಬೇಕಾದರೆ ತಿಂಗಳುಗಟ್ಟಲೆ ಮೊದಲೇ, ಅಧಿಕೃತ ಏಜೆನ್ಸಿಯ ಮೂಲಕವೇ ಕಾಯ್ದಿರಿಸಬೇಕು, ಪಾಸ್‌ಪೋರ್ಟ್ ಸಂಖ್ಯೆ ಬದಲಾದರೂ ತೊಡಕು, ಫೆಬ್ರವರಿಯಿಡೀ ದಾರಿ ಮುಚ್ಚಿರುತ್ತದೆ. ಚೋಕೆಕಿರಾವೊಗೆ ಇಂಥ ಕೋಟಾ ಇಲ್ಲ. ಟಿಕೆಟನ್ನು ದಾರಿಯಲ್ಲೇ, ಮರಂಪಾತಾ ದಾಟಿದ ಮೇಲಿನ ಕಟ್ಟೆಯಲ್ಲಿ ಕೊಳ್ಳಬಹುದು. ವಿದೇಶಿಯರಿಗೆ 60 ಸೋಲ್ (ಪೆರುವಿನ ಹಣ) ಇದ್ದದ್ದು, ಹೊರಡುವ ಮುನ್ನ ಕುಸ್ಕೋ ನಗರದಲ್ಲಿ ಒಮ್ಮೆ ಕೇಳಿಕೊಳ್ಳಿ. ಮಾಚು ಪಿಚುಗೆ ದಿನಕ್ಕೆ ಸಾವಿರಾರು ಜನ ಬರುತ್ತಾರೆ. ಇಲ್ಲಿ ಮುಖ್ಯ ಅಂಗಳದ ಹುಲ್ಲಿನ ಮೇಲೆ ಒಬ್ಬರೇ ಕೂತಿರುವುದು ಸಾಮಾನ್ಯ. ಆ ಏಕಾಂತ ನಡೆದು ಬಂದವರಿಗಷ್ಟೇ ಸಿಗುತ್ತದೆ. ಇಲ್ಲಿಗೆ ಕೇಬಲ್ ಕಾರ್ ಹಾಕುವ ಯೋಜನೆ ಮಾತ್ರ ವರ್ಷಗಳಿಂದ ಮಾತಿನಲ್ಲಿದೆ.

ಈಗ ಕಾಲಮಾನ. ಈ ಜಾಗ ಸಮಭಾಜಕದಿಂದ ಸುಮಾರು 13 ಡಿಗ್ರಿ ದಕ್ಷಿಣಕ್ಕಿದೆ. ಬೆಂಗಳೂರು 13 ಡಿಗ್ರಿ ಉತ್ತರಕ್ಕಿದೆ. ಹಗಲಿನ ಉದ್ದ ಕನ್ನಡಿಯಲ್ಲಿ ನೋಡಿದ ಹಾಗೆ: ಅಲ್ಲಿನ ಜೂನ್ ನಮ್ಮ ಡಿಸೆಂಬರ್. ಮೇಯಿಂದ ಸೆಪ್ಟೆಂಬರ್ ಒಣಗಾಲ, ಹೋಗಬೇಕಾದದ್ದು ಆಗಲೇ. ಆದರೆ ಆಗ ಸಂಜೆ ಐದೂವರೆಗೇ ಸೂರ್ಯ ಮುಳುಗುತ್ತಾನೆ, ಕಣಿವೆಯ ತಳದಲ್ಲಿ ಕತ್ತಲು ಇನ್ನೂ ಬೇಗ. ಜನವರಿಯಿಂದ ಮಾರ್ಚ್ ತನಕ ಸುರಿಯುವ ಮಳೆಗೆ ಕಣಿವೆಯ ಗೋಡೆಗಳು ಸಡಿಲಗೊಂಡು ಕಲ್ಲು ಉರುಳುತ್ತವೆ, ದಾರಿಯೇ ಕಡಿದುಹೋಗುತ್ತದೆ. ಆ ತಿಂಗಳುಗಳಲ್ಲಿ ಹೋಗಬೇಡಿ. ನದಿಯ ಮೇಲಿನ ಸೇತುವೆ ಪ್ರವಾಹಕ್ಕೆ ಹೋಗಿ, ತಂತಿಗೆ ನೇತುಹಾಕಿದ ತೊಟ್ಟಿಲಲ್ಲಿ ಜನ ದಾಟುತ್ತಿದ್ದ ಕಾಲವೂ ಇತ್ತು.

ಭಾರತೀಯರು ಮೊದಲೇ ಗಮನಿಸಬೇಕಾದ ಕಾಗದಪತ್ರ ಎರಡು. ಕನಿಷ್ಠ ಆರು ತಿಂಗಳು ಬಾಕಿಯಿರುವ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಇದ್ದವರಿಗೆ, ಆ ದೇಶಗಳ ಕಾಯಂ ನಿವಾಸಿಗಳಿಗೆ ಪೆರು ಪ್ರವಾಸಕ್ಕೆ ಬೇರೆ ವೀಸಾ ಬೇಡ. ಉಳಿದವರು ದೆಹಲಿಯ ಪೆರು ರಾಯಭಾರ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಎರಡನೆಯದು ಹಳದಿ ಜ್ವರದ ಲಸಿಕೆಯ ಕಾರ್ಡು. ಕುಸ್ಕೋ ಊರಿಗೆ, ಎತ್ತರದ ಬೆಟ್ಟಗಳಿಗೆ ಅದು ಬೇಕಿಲ್ಲ ಎಂದು ಯಾರಾದರೂ ಹೇಳಿದರೆ ಅದು ವೈದ್ಯಕೀಯವಾಗಿ ಸರಿಯಿರಬಹುದು. ತೊಂದರೆ ಬರುವುದು ವಾಪಸಾಗುವಾಗ. ಪೆರು ಭಾರತ ಸರ್ಕಾರದ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಆರು ದಿನದೊಳಗೆ ಬಂದಿಳಿದವರ ಬಳಿ ಕಾರ್ಡಿಲ್ಲದಿದ್ದರೆ ಕ್ವಾರಂಟೈನ್‌ಗೆ ಹಾಕುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಿದೆ. ಲಸಿಕೆಗೆ ಹತ್ತು ದಿನ ತುಂಬಿದ ಮೇಲೇ ಕಾರ್ಡು ಊರ್ಜಿತ, ಆಮೇಲೆ ಜೀವನಪರ್ಯಂತ. ಹೊರಡುವ ಹಿಂದಿನ ವಾರ ಓಡಾಡಿದರೆ ಆಗುವ ಕೆಲಸವಲ್ಲ.

ಎತ್ತರದ ಬಗ್ಗೆ ಹೆಚ್ಚಿನವರ ಭಯ ತಪ್ಪು ಜಾಗದಲ್ಲಿದೆ. ಚೋಕೆಕಿರಾವೊಗಿಂತ ಕುಸ್ಕೋ ಊರೇ ಎತ್ತರ, 3,400 ಮೀಟರ್. ಸಮುದ್ರಮಟ್ಟದ ಲಿಮಾದಿಂದ ವಿಮಾನದಲ್ಲಿ ಒಂದೂಕಾಲು ತಾಸಿನಲ್ಲಿ ಅಲ್ಲಿಗೆ ನೆಗೆಯುವುದೇ ನಿಜವಾದ ಹೊಡೆತ. ನಾನು ಅನುಸರಿಸುವ ಕ್ರಮ: ಇಳಿದ ದಿನವೇ ಟ್ಯಾಕ್ಸಿ ಹಿಡಿದು 2,800 ಮೀಟರಿನ ಒಯಾಂಟೈಟಾಂಬೋಗೆ ಹೋಗಿ ಎರಡು ರಾತ್ರಿ, ಆಮೇಲೆ ಕುಸ್ಕೋದಲ್ಲಿ ಒಂದು ರಾತ್ರಿ. ಎತ್ತರದ ಕಾಯಿಲೆ ತಡೆಯುವ ಮಾತ್ರೆ ಅಸೆಟಜೋಲಮೈಡ್ 125 ಮಿ.ಗ್ರಾಂ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಶುರು. ಸಲ್ಫಾ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ತಲೆನೋವಿನ ಜತೆ ವಾಂತಿ, ತೂರಾಟ ಕಂಡರೆ ಮಾತ್ರೆ ನುಂಗಿ ಕಾಯುತ್ತ ಕೂರಬಾರದು, ಕೆಳಗಿಳಿಯಬೇಕು.

ಕುಸ್ಕೋದಿಂದ ಅಬಂಕಾಯ್ ಕಡೆಯ ಬಸ್ಸು ಅಥವಾ ಶೇರ್ ವ್ಯಾನು ಹಿಡಿದು ಕಚೋರಾ ಕವಲಿನಲ್ಲಿ ಇಳಿಯಬೇಕು, ಅಲ್ಲಿಂದ ಟ್ಯಾಕ್ಸಿಯಲ್ಲಿ ಕಚೋರಾ ಊರು, ಮುಂದೆ ಕಪುಲಿಯೋಕ್. ಒಟ್ಟು ಐದು ತಾಸು ಎಂದಿಟ್ಟುಕೊಳ್ಳಿ. ಕಚೋರಾದಿಂದಲೇ ನಡೆಯುವುದಕ್ಕೆ ಅರ್ಥವಿಲ್ಲ, ವಾಹನ ಹೋಗುವ ರಸ್ತೆಯಲ್ಲಿ ಹತ್ತಕ್ಕೂ ಹೆಚ್ಚು ಕಿ.ಮೀ. ಕಾಲು ಸವೆಸಿದಂತೆ. ಕವಲಿಗೆ ಸ್ವಲ್ಪ ಮೊದಲು ಸಾಯ್‌ವೀತೆ ಕಲ್ಲು ಸಿಗುತ್ತದೆ, ಮೆಟ್ಟಿಲು, ಕಾಲುವೆ, ಪ್ರಾಣಿಗಳನ್ನು ಕೆತ್ತಿದ ಒಂದೇ ಬಂಡೆ. ಸಮಯವಿದ್ದರೆ ಇಳಿದು ನೋಡಿ.

ಹೆಚ್ಚಿನ ಗುಂಪುಗಳು ನಾಲ್ಕು ದಿನದಲ್ಲಿ ಮುಗಿಸುತ್ತವೆ. ಗಟ್ಟಿಗರು ಮೂರರಲ್ಲಿ. ಎರಡರಲ್ಲೂ ಒಂದೇ ದೋಷ: ಬೆಳಗ್ಗೆ ಐದಕ್ಕೆ ಕುಸ್ಕೋ ಬಿಟ್ಟು, ಹನ್ನೊಂದರ ಸುಮಾರಿಗೆ ಕಪುಲಿಯೋಕ್ ಮುಟ್ಟಿ, ನಡುಹಗಲಿನಲ್ಲಿ ಇಳಿಯಲು ಶುರುಮಾಡುತ್ತಾರೆ. ಕೆಳಗೆ ಹೋದಂತೆ ಮರ ಕಡಿಮೆ, ಪಾಪಸುಕಳ್ಳಿ ಹೆಚ್ಚು. ನದಿದಂಡೆಯಲ್ಲಿ 30 ಡಿಗ್ರಿ ದಾಟುವ ಸೆಕೆ. ಈ ಕಣಿವೆಯಲ್ಲಿ ಜನರನ್ನು ಕೆಡವುವುದು ಬಿಸಿಲು ಮತ್ತು ಮಂಡಿ, ಎತ್ತರವಲ್ಲ. ಆದ್ದರಿಂದ ಕಪುಲಿಯೋಕ್‌ನಲ್ಲೇ ಮೊದಲ ರಾತ್ರಿ ಮಲಗಿ, ನಡಿಗೆಗೆ ಐದು ದಿನ ಕೊಡಿ.

ಮೊದಲ ದಿನ ಬೆಳಗ್ಗೆ ಐದಕ್ಕೆ ಹೊರಟರೆ ಎಂಟರೊಳಗೆ ಚಿಕಿಸ್ಕಾ, 1,930 ಮೀಟರ್, ನೆರಳಿದೆ, ನೀರಿದೆ. ಅಲ್ಲಿ ತಿಂದು, ಮೂರು ಲೀಟರ್ ತುಂಬಿಕೊಂಡು ನದಿದಂಡೆಯ ಪ್ಲಾಯಾ ರೊಸಲೀನಾಗೆ ಇಳಿಯಿರಿ. ನದಿಯ ಸದ್ದು ಬಹಳ ಮೇಲಿನಿಂದಲೇ ಕೇಳುತ್ತದೆ. ಅಲ್ಲಿನ ಕ್ವೆಚುವಾ ಭಾಷೆಯಲ್ಲಿ ಅಪು ಅಂದರೆ ಬೆಟ್ಟದ ದೈವ, ರಿಮಾಕ್ ಅಂದರೆ ಮಾತಾಡುವವ. ಆ ಹೆಸರು ಯಾಕೆ ಬಂತೆಂದು ಅಲ್ಲಿ ನಿಂತರೆ ಗೊತ್ತಾಗುತ್ತದೆ. ಹತ್ತರಿಂದ ಮೂರರವರೆಗೆ ನೆರಳಲ್ಲೇ ಇರಿ. ಉದ್ದ ತೋಳಿನ ಅಂಗಿ ಬಿಚ್ಚಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳಿವೆ, ಸ್ಥಳೀಯರು ಪೂಮಾವಕಾಚಿ ಎನ್ನುತ್ತಾರೆ, ಪೂಮಾವನ್ನೂ ಅಳಿಸುವಂಥದ್ದು ಎಂದರ್ಥ. ಕಚ್ಚಿದ್ದು ಆಗ ತಿಳಿಯದು, ತುರಿಕೆ ವಾರ ಬಿಡದು. ಮೂರಕ್ಕೆ ಸೇತುವೆ ದಾಟಿ ಹತ್ತಲು ತೊಡಗಿದರೆ ಕತ್ತಲಾಗುವ ಹೊತ್ತಿಗೆ ಸಾಂತಾ ರೋಸಾ. ಕಬ್ಬು ಬೆಳೆಯುವ ಜಾಗ, ಡೇರೆ ಹಾಕಲು ಮಟ್ಟಸ ನೆಲವಿದೆ. ತಲೆದೀಪ ಕೈಗೆ ಸಿಗುವಂತಿರಲಿ.

ಎರಡನೆಯ ದಿನ ಮತ್ತೆ ಐದಕ್ಕೆ ಹೊರಟು, ಬಿಸಿಲು ಏರುವ ಮೊದಲೇ ಮರಂಪಾತಾ. ಇಲ್ಲಿನ ಮನೆಗಳವರು ಡೇರೆಗೆ ಜಾಗ, ಬಿಸಿ ಊಟ ಕೊಡುತ್ತಾರೆ. ಎರಡು ರಾತ್ರಿಯೂ ಇಲ್ಲೇ ತಂಗಿ, ಹೊರೆ ಬಿಟ್ಟು ಹಗುರಾಗಿ ಅವಶೇಷಕ್ಕೆ ಹೋಗಿಬನ್ನಿ. ಮೂರನೆಯ ದಿನ ಪೂರ್ತಿ ಅಲ್ಲಿಗೇ ಮೀಸಲು. ನಾಲ್ಕನೆಯ ದಿನ ನಸುಕಿನ ನಾಲ್ಕಕ್ಕೆ ಇಳಿದು ನದಿ, ಹತ್ತರೊಳಗೆ ಚಿಕಿಸ್ಕಾ, ಅಲ್ಲಿಗೆ ಆ ದಿನದ ನಡಿಗೆ ಮುಗಿಯಿತು. ಉಳಿದ 985 ಮೀಟರ್ ಏರನ್ನು ಅದೇ ದಿನ ಮುಗಿಸುವ ಆಸೆ ಬರುತ್ತದೆ, ಬೇಡ. ಐದನೆಯ ದಿನ ನಾಲ್ಕಕ್ಕೆ ಎದ್ದು ಹೊರಟರೆ ತಂಪಿನಲ್ಲೇ ಎಂಟರ ಹೊತ್ತಿಗೆ ಮೇಲಿರುತ್ತೀರಿ.

ಅವಶೇಷದಲ್ಲಿ ಒಂದಿಡೀ ದಿನ ಏನು ನೋಡುವುದು ಎನ್ನುವವರಿಗೆ: ಈವರೆಗೆ ಕಾಡು ಸವರಿ ತೆಗೆದದ್ದು ಅರ್ಧಕ್ಕಿಂತ ಕಡಿಮೆ, ಅದನ್ನೇ ಒಂದು ದಿನದಲ್ಲಿ ನೋಡಿ ಮುಗಿಸಲಾಗದು. ಮೇಲಿನ ಕೇರಿ, ಕೆಳಗಿನ ಅಂಗಳ, ನಡುವೆ ಕಾಲುವೆ, ದಾಸ್ತಾನಿನ ಕಣಜಗಳು. ದಕ್ಷಿಣಕ್ಕೆ ತುದಿಯನ್ನೇ ಕತ್ತರಿಸಿ ಮಟ್ಟ ಮಾಡಿದ ಗುಡ್ಡ. ಕುಸ್ಕೋದ ಗೋಡೆಗಳಲ್ಲಿ ಕಾಣುವ, ಕೂದಲೂ ತೂರದ ಕಲ್ಲುಬೆಸುಗೆಯನ್ನು ಇಲ್ಲಿ ಹುಡುಕಬೇಡಿ. ಇಲ್ಲಿನ ಕಲ್ಲು ಪದರಪದರವಾಗಿ ಸೀಳುವ ಶಿಸ್ಟ್, ಹಾಗೆ ಕೆತ್ತಿದರೆ ನಿಲ್ಲದು. ಅದಕ್ಕೇ ಮಣ್ಣಿನ ಗಾರೆ ಹಾಕಿ ಕಟ್ಟಿ, ಮೇಲೆ ಗಿಲಾವು ಮಾಡಿದ್ದಾರೆ. ಎರಡು ಚೌಕಟ್ಟಿನ ಬಾಗಿಲು, ಗೂಡುಗಳನ್ನು ನೋಡಿದರೆ ಕಟ್ಟಿಸಿದವರು ಸಾಮಾನ್ಯರಲ್ಲ ಎಂದು ತಿಳಿಯುತ್ತದೆ.

ಲಾಮಾ (ಒಂಟೆಯ ಕುಲದ ಹೊರೆಪ್ರಾಣಿ) ಮೆಟ್ಟಿಲುಗದ್ದೆಗಳನ್ನು ಮಾತ್ರ ತಪ್ಪಿಸಲೇಬೇಡಿ. ಕಪ್ಪುಗಲ್ಲಿನ ತಡೆಗೋಡೆಗಳಲ್ಲಿ ಬಿಳಿಗಲ್ಲು ಕೂರಿಸಿ ಬಿಡಿಸಿದ ಇಪ್ಪತ್ತಕ್ಕೂ ಹೆಚ್ಚು ಲಾಮಾಗಳು ಸಾಲಾಗಿ ಬೆಟ್ಟ ಹತ್ತುತ್ತಿವೆ. ಗೋಡೆಯನ್ನು ಕಟ್ಟಿ ಮುಗಿಸಿದ ಮೇಲೆ ಅಂಟಿಸಿದ್ದಲ್ಲ, ಕಟ್ಟುವಾಗಲೇ ಒಳಗೆ ಸೇರಿಸಿದ್ದು. ಬೆಳಕಿಗೆ ಬಂದದ್ದು 2000ದ ನಂತರ. ಇವು ಬೆಟ್ಟದ ಪಶ್ಚಿಮ ಮೈಯಲ್ಲಿವೆ, ಆದ್ದರಿಂದ ಬೆಳಗ್ಗೆ ಹೋದರೆ ನೆರಳಲ್ಲಿ ಮಂಕಾಗಿ ಕಾಣುತ್ತವೆ. ಹನ್ನೊಂದರ ಮೇಲೆ ಹೋಗಿ. ಮೆಟ್ಟಿಲು ಕಡಿದು. ಇಳಿಯಲು ಅರ್ಧ ತಾಸಾದರೆ ಹತ್ತಲು ಒಂದು ತಾಸಾದರೂ ಬೇಕು. ನಾಲ್ಕು ದಿನದ ಗುಂಪುಗಳು ಬಿಟ್ಟುಬಿಡುವುದು ಇದನ್ನೇ. ಇಷ್ಟು ದೂರ ಬಂದು ಇದನ್ನು ನೋಡದೆ ಹೋಗುವುದು ನನಗೆ ನಿಜಕ್ಕೂ ದುಃಖದ ಸಂಗತಿ.

ಅಮೆರಿಕದ ಅನ್ವೇಷಕ ಹೈರಮ್ ಬಿಂಗ್ಹ್ಯಾಮ್ ಇಲ್ಲಿಗೆ ಬಂದದ್ದು 1909ರಲ್ಲಿ, ಮಾಚು ಪಿಚು ತಲುಪುವ ಎರಡು ವರ್ಷ ಮೊದಲು. ಫ್ರೆಂಚ್ ಪ್ರವಾಸಿ ಯೂಜೀನ್ ದ ಸಾರ್ತೀಜ್ 1834ರಲ್ಲೇ ಬಂದುಹೋಗಿದ್ದ. ಸ್ಥಳೀಯರಿಗೆ ಅದಕ್ಕೂ ಮೊದಲಿನಿಂದ ಗೊತ್ತಿತ್ತು. ಯಾರೋ ಒಬ್ಬರು ‘ಕಂಡುಹಿಡಿದರು’ ಎಂಬ ಮಾತು ಅಲ್ಲಿ ಸಲ್ಲದು.

ಹೊರೆಗೆ ಹೇಸರಗತ್ತೆ ಸಿಗುತ್ತದೆ, ಕಚೋರಾ ಅಥವಾ ಕಪುಲಿಯೋಕ್‌ನಲ್ಲಿ. ಹೇಸರಗತ್ತೆಗೊಂದು, ಅದನ್ನು ನಡೆಸುವ ಅರ್ರಿಯೇರೋಗೊಂದು, ಹೀಗೆ ದಿನಗೂಲಿ ಬೇರೆ ಬೇರೆ. ವಾಪಸಿನ ದಿನಗಳೂ ಲೆಕ್ಕಕ್ಕೆ ಸೇರುತ್ತವೆ, ಅವರ ಊಟ ಯಾರದೆಂದೂ ಮೊದಲೇ ಮಾತಾಡಿಕೊಳ್ಳಿ. ಎಲ್ಲವೂ ನಗದು ಸೋಲ್‌ನಲ್ಲಿ, ಸಣ್ಣ ನೋಟುಗಳಲ್ಲಿ. ಎದುರಿನಿಂದ ಹೇಸರಗತ್ತೆಗಳು ಬಂದಾಗ ಯಾವಾಗಲೂ ಬೆಟ್ಟದ ಬದಿಗೆ ಒರಗಿ ನಿಲ್ಲಿ. ಪ್ರಪಾತದ ಬದಿಯಲ್ಲಿ ನಿಂತರೆ ಅದರ ಹೊರೆ ತಗುಲಿದರೂ ಸಾಕು.

ಮಂಡಿಯ ವಿಷಯ. ಎರಡು ಕೋಲು ಬೇಕೇಬೇಕು. ಇಳಿಯುವಾಗ ಏಳೆಂಟು ಸೆಂ.ಮೀ. ಉದ್ದ ಮಾಡಿ, ಕೋಲು ಮೊದಲು ಕಾಲು ಆಮೇಲೆ. ಬೂಟು ಅರ್ಧ ಅಳತೆ ದೊಡ್ಡದಿರಲಿ, ಹಿಮ್ಮಡಿ ಜಾರದಂತೆ ದಾರವನ್ನು ಮೇಲಿನ ಎರಡು ಕಣ್ಣುಗಳಲ್ಲಿ ಕುಣಿಕೆ ಹಾಕಿ ಬಿಗಿಯಿರಿ. ಎರಡು ದಿನ ಮೊದಲೇ ಉಗುರು ಕತ್ತರಿಸದಿದ್ದರೆ 1,365 ಮೀಟರ್ ಇಳಿಯುವಷ್ಟರಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ತರಬೇತಿಗೆ ಕುಮಾರ ಪರ್ವತ ಚೆನ್ನ. ಆದರೆ ಹತ್ತಿದ್ದಕ್ಕಿಂತ ಹೊರೆ ಹೊತ್ತು ಒಂದೇ ದಮ್ಮಿನಲ್ಲಿ ಇಳಿದದ್ದು ಹೆಚ್ಚು ಪ್ರಯೋಜನ. ತೊಡೆಯ ಮುಂಭಾಗದ ಸ್ನಾಯು ಪಳಗುವುದು ಇಳಿತದಲ್ಲಿ.

ನೀರನ್ನು ಎಲ್ಲಿಯೂ ಹಾಗೇ ಕುಡಿಯಬಾರದು. ಮೂರು ನಿಮಿಷ ಕುದಿಸಿ, ಇಲ್ಲವೇ ಕ್ಲೋರಿನ್ ಡಯಾಕ್ಸೈಡ್ ಮಾತ್ರೆ ಹಾಕಿ ಅದರ ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ. ದಿನಕ್ಕೊಂದು ಓಆರ್‌ಎಸ್ ಪೊಟ್ಟಣ, ಒಂದು ಲೀಟರ್ ನೀರಿಗೆ ಹಾಕಿ ಕುಡಿಯಿರಿ. ಬರೀ ನೀರು ಕುಡಿದು ಸ್ನಾಯು ಹಿಡಿದುಕೊಂಡು ಕೂರುವವರು ಹೆಚ್ಚು.

ಸಸ್ಯಾಹಾರಿಗಳು ‘ಸಿನ್ ಕಾರ್ನೆ’ ಎಂದಷ್ಟೇ ಹೇಳಿದರೆ ಕೋಳಿ ಬರುತ್ತದೆ, ಅಲ್ಲಿ ಕಾರ್ನೆ ಅಂದರೆ ಕೆಂಪು ಮಾಂಸ. ‘ಸಿನ್ ಪೋಯೋ, ಸಿನ್ ಪೆಸ್ಕಾದೋ’ (ಕೋಳಿ ಬೇಡ, ಮೀನು ಬೇಡ) ಸೇರಿಸಿ. ಸೂಪಿಗೆ ಮಾಂಸದ ಕಟ್ಟು ಹಾಕಿದ್ದಾರೆಯೇ ಎಂದು ಬೇರೆಯಾಗಿ ಕೇಳಿ. ಮೊಟ್ಟೆ, ಅನ್ನ, ಆಲೂಗಡ್ಡೆ ಎಲ್ಲೆಡೆ ಸಿಗುತ್ತದೆ. 3,000 ಮೀಟರಿನಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ಬೇಳೆ ಬೇಯದು, ಗ್ಯಾಸು ಮುಗಿಯುತ್ತದೆ. ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿ ಅಲ್ಲಿ ಚಿನ್ನ: ತಣ್ಣೀರಲ್ಲಿ ನೆನೆಸಿದರೆ ಊಟ. ಇವನ್ನು ಲಿಮಾದಲ್ಲಿ ಕಸ್ಟಮ್ಸ್‌ಗೆ ಘೋಷಿಸಿ, ಹಣ್ಣು, ಬಿತ್ತನೆ ಕಾಳು ಒಯ್ಯಬೇಡಿ. ಗ್ಯಾಸ್ ಡಬ್ಬಿ ವಿಮಾನದಲ್ಲಿ ನಿಷಿದ್ಧ, ಕುಸ್ಕೋದಲ್ಲೇ ಕೊಳ್ಳಿ.

ಮಲಗುವ ಚೀಲ ಸೊನ್ನೆ ಡಿಗ್ರಿಯದು ಸಾಕು. ಕಪುಲಿಯೋಕ್‌ಗೆ ವಾಪಸ್ ಟ್ಯಾಕ್ಸಿಯನ್ನು ಇಳಿಯುವ ದಿನವೇ ಗೊತ್ತುಮಾಡಿ, ಕಣಿವೆಯೊಳಗೆ ಮೊಬೈಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಅರ್ರಿಯೇರೋಗಳು ಪ್ರೀತಿಯಿಂದ ಕೊಡುವ ಕೋಕಾ ಎಲೆ ಪೆರುವಿನಲ್ಲಿ ಕಾನೂನುಬದ್ಧ, ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ. ಕುಸ್ಕೋ ಬಿಡುವ ಮೊದಲು ಚೀಲದ ಜೇಬು, ಅಂಗಿಯ ಜೇಬು ಎರಡನ್ನೂ ಕೊಡವಿ ನೋಡಿ. ಕೋಕಾ ಟೀ ಪೊಟ್ಟಣಕ್ಕೂ ಇದೇ ನಿಯಮ.