ಸ್ಥಳೀಯ ಸಂಸ್ಥೆಗಳು ಜೊತೆಗೂಡಿ ವಿದ್ಯುತ್ ಖರೀದಿಸುವುದು ಹೇಗೆ?

ವಿದ್ಯುತ್ ಬಿಲ್ಲಿನಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ: ವಿದ್ಯುತ್ತಿನ ಬೆಲೆ ಮತ್ತು ಅದನ್ನು ತಂತಿಯ ಮೂಲಕ ತಲುಪಿಸುವ ಶುಲ್ಕ. ಒಟ್ಟಾಗಿ ಖರೀದಿಸಿದಾಗ ಚೌಕಾಸಿಗೆ ಸಿಗುವುದು ಮೊದಲನೆಯದು ಮಾತ್ರ. ಸದಸ್ಯ ಸಂಸ್ಥೆಗಳಿಗೆ ಈ ಮಿತಿಯನ್ನು ಮೊದಲ ಸಭೆಯಲ್ಲೇ ತಿಳಿಸಬೇಕು.

ಇಂಥ ಖರೀದಿಗೆ ಕಾನೂನಿನ ಅವಕಾಶವಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಅಮೆರಿಕದ ಮ್ಯಾಸಚೂಸೆಟ್ಸ್ 1997ರಲ್ಲಿ ಮತ್ತು ಕ್ಯಾಲಿಫೋರ್ನಿಯಾ 2002ರಲ್ಲಿ ಕಾನೂನು ತಂದ ಬಳಿಕವೇ ಅಲ್ಲಿನ ಊರುಗಳು ತಮ್ಮ ನಿವಾಸಿಗಳ ಬೇಡಿಕೆಯನ್ನೂ ಒಟ್ಟುಗೂಡಿಸಲು ಸಾಧ್ಯವಾಯಿತು.

ನಂತರ ಪ್ರತಿ ಸಂಸ್ಥೆಯೂ ಕನಿಷ್ಠ 12 ತಿಂಗಳ ಬಿಲ್ಲುಗಳನ್ನು ಮೀಟರುವಾರು ಒಪ್ಪಿಸಬೇಕು. ಬೇಸರದ ಕೆಲಸವಾದರೂ ಉಳಿತಾಯದ ಬುನಾದಿ ಇದೇ. ಎಷ್ಟು ಯೂನಿಟ್ ಎಂಬುದರಷ್ಟೇ ಯಾವ ಹೊತ್ತಿನಲ್ಲಿ ಎಂಬುದೂ ಮುಖ್ಯ. ಒಂದು ಊರಿನ ಬೀದಿದೀಪಗಳು ರಾತ್ರಿಯ 12 ಗಂಟೆಗಳ ಕಾಲ 100 ಕಿಲೋವ್ಯಾಟ್ ಬಳಸುತ್ತವೆ, ಪಕ್ಕದ ಊರಿನ ನೀರಿನ ಪಂಪುಗಳು ಹಗಲಿನ 12 ಗಂಟೆಗಳ ಕಾಲ ಅಷ್ಟೇ ಬಳಸುತ್ತವೆ ಎಂದುಕೊಳ್ಳೋಣ. ಬೇರೆಬೇರೆಯಾಗಿ ಇವು ಅರ್ಧ ದಿನದ ಗಿರಾಕಿಗಳು. ಒಟ್ಟು ಸೇರಿದರೆ ಏರಿಳಿತವಿಲ್ಲದೆ ದಿನಕ್ಕೆ 2,400 ಯೂನಿಟ್ ಕೊಳ್ಳುವ ಒಬ್ಬನೇ ಗಿರಾಕಿ. ಸರಬರಾಜುದಾರರು ದರ ತಗ್ಗಿಸಲು ಪರಿಮಾಣದ ಜೊತೆಗೆ ಈ ಸ್ಥಿರತೆಯೂ ಕಾರಣವಾಗುತ್ತದೆ.

ಸಂಸ್ಥೆಗಳ ನಡುವಿನ ಒಪ್ಪಂದದಲ್ಲಿ ಮುಂದಾಳತ್ವ ವಹಿಸುವವರು ಯಾರು, ವೆಚ್ಚದ ಹಂಚಿಕೆ ಹೇಗೆ, ನಡುವೆ ಹೊರಹೋದರೆ ಏನು ಎಂಬುದು ಸ್ಪಷ್ಟವಾಗಿರಲಿ.

ಟೆಂಡರಿನ ದಿನಕ್ಕೆ ವಿಶೇಷ ಸಿದ್ಧತೆ ಬೇಕು. ಮಾರುಕಟ್ಟೆಯ ಬೆಲೆ ಸದಾ ಬದಲಾಗುವುದರಿಂದ ಸರಬರಾಜುದಾರರು ಕೊಡುವ ದರ ಹಲವು ಬಾರಿ ಕೆಲವೇ ಗಂಟೆಗಳವರೆಗೆ ಊರ್ಜಿತವಾಗಿರುತ್ತದೆ. ಮುಂದಿನ ಸಾಮಾನ್ಯ ಸಭೆಯವರೆಗೆ ಅದು ಕಾಯುವುದಿಲ್ಲ. ಆದ್ದರಿಂದ ಗರಿಷ್ಠ ದರವೊಂದನ್ನು ಗೊತ್ತುಪಡಿಸಿ, ಅದರೊಳಗೆ ಬಂದ ದರಕ್ಕೆ ಸಹಿ ಹಾಕುವ ಅಧಿಕಾರವನ್ನು ಒಬ್ಬ ಅಧಿಕಾರಿಗೆ ಮುಂಚಿತವಾಗಿ ಠರಾವಿನ ಮೂಲಕ ನೀಡಬೇಕು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದ ಕಾಗದ ಈ ಠರಾವೇ.

ಕರಾರಿನಲ್ಲಿ ಬಳಕೆಯ ಏರಿಳಿತದ ಷರತ್ತನ್ನು, ಅಂದರೆ ಒಪ್ಪಿದ ಪ್ರಮಾಣಕ್ಕಿಂತ ಬಳಕೆ ಎಷ್ಟು ಹೆಚ್ಚು ಅಥವಾ ಕಡಿಮೆಯಾಗಬಹುದು ಎಂಬುದನ್ನು, ಗಮನವಿಟ್ಟು ಓದಿ. ಶೇ 10ರ ಮಿತಿಯಿದ್ದು, ಬೀದಿದೀಪಗಳನ್ನು ಎಲ್ಇಡಿಗೆ ಬದಲಿಸಿದ್ದರಿಂದ ಬಳಕೆ ಅದಕ್ಕಿಂತ ಹೆಚ್ಚು ಇಳಿದರೆ, ಮಿತವ್ಯಯಕ್ಕೇ ದಂಡ ತೆರಬೇಕಾದೀತು. ಅಂಥ ಯೋಜನೆಗಳಿದ್ದರೆ ಟೆಂಡರಿನಲ್ಲೇ ನಮೂದಿಸಿ.

ಹೊಸ ದರದ ಮೊದಲ ಬಿಲ್ಲು ಬಂದಾಗ ಮೀಟರುಗಳ ಮೂಲ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದನ್ನೂ ತಾಳೆ ನೋಡಿ, ಹಳೆಯ ದರದಲ್ಲೇ ಉಳಿದಿರುವ ಮೀಟರುಗಳ ಬಗ್ಗೆ ಸರಬರಾಜುದಾರರಿಗೆ ತಕ್ಷಣ ಲಿಖಿತವಾಗಿ ತಿಳಿಸಿ.