ಗೇಮ್ ಮಧ್ಯೆ ಪಿಸಿ ರೀಸ್ಟಾರ್ಟ್ ಆಗುತ್ತಿದ್ದರೆ ಈ ಕೇಬಲ್ ನೋಡಿ
ಭಾರೀ ಗೇಮ್ ಹಾಕಿದರೆ ಪಿಸಿ ಒಮ್ಮೆಲೇ ಆಫ್ ಆಗಿ ತಾನೇ ರೀಸ್ಟಾರ್ಟ್. ಬ್ಲೂ ಸ್ಕ್ರೀನ್ ಇಲ್ಲ. ವಿಂಡೋಸ್‌ನ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 (ಸರಿಯಾಗಿ ಶಟ್‌ಡೌನ್ ಆಗದೆ ರೀಸ್ಟಾರ್ಟ್ ಆಯಿತೆಂಬ ದಾಖಲೆ) ಮಾತ್ರ. ಅದು ಕಾರಣ ಹೇಳುವುದಿಲ್ಲ.

ಡ್ರೈವರ್ ಹೊಸತು, ಮೆಮ್‌ಟೆಸ್ಟ್ (ಮೆಮೊರಿ ಪರೀಕ್ಷೆ), ಎಕ್ಸ್‌ಎಂಪಿ (ಮೆಮೊರಿ ವೇಗ ಹೆಚ್ಚಿಸುವ ಸೆಟ್ಟಿಂಗ್) ಆಫ್, ವಿಂಡೋಸ್ ರೀಇನ್‌ಸ್ಟಾಲ್, ಯಾವುದರಿಂದಲೂ ಪ್ರಯೋಜನವಿಲ್ಲ. ಕಾಸರಗೋಡಿನ ಮಳೆಗಾಲದ ಕರೆಂಟಿನ ಮೇಲೆ ಸಂಶಯ ಬಂದು ಯುಪಿಎಸ್‌ಗೂ ಹಾಕಿ ನೋಡಿದ್ದಾಯಿತು.

ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ 70%ಕ್ಕೆ ಇಳಿಸಿದಾಗ ಕ್ರ್ಯಾಶ್ ನಿಂತಿತು, 100ಕ್ಕೆ ಏರಿಸಿದರೆ ಮತ್ತೆ ಶುರು. ಕಾರ್ಡಿನ ಎರಡೂ 8-ಪಿನ್ ಪವರ್ ಸಾಕೆಟ್‌ಗೆ ಒಂದೇ ಕೇಬಲಿನ ಕವಲು ಸಿಕ್ಕಿಸಿತ್ತು. ಒಂದು 8-ಪಿನ್‌ನ ಲೆಕ್ಕ 150 ವ್ಯಾಟ್. ಇಲ್ಲಿ ಎರಡರ ಭಾರವೂ ಒಂದೇ ಕೇಬಲಿನ ಮೇಲೆ. ಪಿಸಿಯ ಕರೆಂಟ್ ಪ್ಲಗ್ ಕಿತ್ತು, ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪಿಎಸ್‌ಯುನಿಂದ ಎರಡು ಬೇರೆ ಬೇರೆ ಕೇಬಲ್ ಎಳೆದು, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಬೇಕು. ಬೇರೆ ಪಿಎಸ್‌ಯುವಿನ ಕೇಬಲ್ ಮಾತ್ರ ಬೇಡ; ಪಿನ್ ಜೋಡಣೆ ಬೇರೆಯಾದರೆ ಕಾರ್ಡೇ ಸುಟ್ಟುಹೋದೀತು. ಈಗ ಲಿಮಿಟ್ 100%ದಲ್ಲೇ ಓಡುತ್ತಿದೆ.